ಕಾಸರಗೋಡಿನ ವಿಧಾನ, ತುಮಕೂರಿನ ಡ್ರೈಯರ್

ತುಮಕೂರಿನ ಅಂತರಸನಹಳ್ಳಿ ಕಡೆ ಸಣ್ಣ ಆಹಾರ ಘಟಕ ನಡೆಸುವವರು, ನಡೆಸಬೇಕು ಅಂದುಕೊಂಡವರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಮೇಡಂ, ಸಂಶೋಧನಾ ಸಂಸ್ಥೆಯವರ ಆ ಟೆಕ್ನಾಲಜಿ ಎಲ್ಲಿ ಕೊಡ್ತಾರೆ? ಎಷ್ಟಾಗುತ್ತೆ?" ಎಲ್ಲಿ ಅನ್ನೋದನ್ನು ಐದು ನಿಮಿಷದಲ್ಲಿ ಹೇಳಬಹುದು. ಎಷ್ಟು ಅನ್ನೋದೂ ಮುಚ್ಚಿಡುವ ವಿಷಯ ಏನಲ್ಲ. ಆಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ. "ತಂದ ಮೇಲೆ ನಿಮ್ಮಲ್ಲಿ ಅದನ್ನು ಯಾರು ಕೂತು ಓದ್ತಾರೆ?" ಇದಕ್ಕೆ ಬಹಳ ಜನರ ಹತ್ತಿರ ಉತ್ತರ ಇರುವುದಿಲ್ಲ. ಅದರ ಬಗ್ಗೆಯೇ ಇವತ್ತು ಬರೆಯಬೇಕು ಅನ್ನಿಸಿತು.

ನಾನು ತಿಪಟೂರು ತಾಲ್ಲೂಕಿನವಳು. ನಮ್ಮ ಮನೆಯಲ್ಲಿ ಅಟ್ಟದ ತುಂಬ ಕಾಯಿ ಇರುತ್ತಿತ್ತು. ಸಿಪ್ಪೆ ಸುಲಿಯದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಗುಂಡಗೆ ನಿಲ್ಲುತ್ತದೆ. ಅದೇ ಉಂಡೆ ಕೊಬ್ಬರಿ. ಆಹಾರ ವಿಜ್ಞಾನ ಓದಿದ ಮೇಲೆ ತುಮಕೂರಿನ ಒಂದು ತೆಂಗು ಉತ್ಪನ್ನದ ಘಟಕಕ್ಕೆ ಸೇರಿದೆ. ತೆಂಗಿನ ಚಿಪ್ಸ್, ಒಣ ತೆಂಗಿನ ತುರಿ, ತಾಜಾ ಕಾಯಿಹಾಲಿನಿಂದ ತೆಗೆಯುವ ಎಣ್ಣೆ, ಇವು ನಮ್ಮ ಸರಕು. ಹೊರಗೆ ಯಾರೋ ಕಂಡುಹಿಡಿದಿದ್ದನ್ನು ನಮ್ಮ ಶೆಡ್ಡಿನಲ್ಲಿ ನಡೆಯುವ ಹಾಗೆ ಮಾಡುವುದು ನನ್ನ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಬೇರೆ ಏನೋ ಇದೆ. ದಿನವಿಡೀ ಮಾಡುವುದು ಮಾತ್ರ ಇದನ್ನೇ.

ನಮ್ಮಷ್ಟು ಸಣ್ಣ ಘಟಕಕ್ಕೆ ಸ್ವಂತ ಸಂಶೋಧನಾ ವಿಭಾಗ ಇರಲು ಸಾಧ್ಯವಿಲ್ಲ. ಇರಬೇಕಾಗಿಯೂ ಇಲ್ಲ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಮೇಲೆ ಸಂಶೋಧನೆ ನಡೆಯುತ್ತಿದೆ. ಮೊದಲು ಅದು ಮದ್ರಾಸ್ ಸರ್ಕಾರದ ತೆಂಗು ಸಂಶೋಧನಾ ಕೇಂದ್ರವಾಗಿತ್ತು. 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಆಯಿತು. ಎಲ್ಲರೂ ಸಿಪಿಸಿಆರ್‌ಐ ಅಂತ ಕರೆಯುತ್ತಾರೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಇದೆ. ನಮ್ಮ ಜಿಲ್ಲೆಯಲ್ಲೇ ಹಿರೇಹಳ್ಳಿಯಲ್ಲಿ ಒಂದು, ತಿಪಟೂರಿನ ಕೊನೇಹಳ್ಳಿಯಲ್ಲಿ ಒಂದು ಕೃಷಿ ವಿಜ್ಞಾನ ಕೇಂದ್ರ ಇವೆ. ಇದೆಲ್ಲ ನಮ್ಮ ತೆರಿಗೆ ದುಡ್ಡಲ್ಲಿ ನಡೆದ ಕೆಲಸ. ಒಬ್ಬ ವಿಜ್ಞಾನಿ ವರ್ಷಗಟ್ಟಲೆ ಕೂತು ಬಿಡಿಸಿದ ಗಂಟನ್ನು ನಾವು ಮತ್ತೆ ಮೊದಲಿಂದ ಬಿಡಿಸಬೇಕಾಗಿಲ್ಲ, ಅಲ್ವಾ?

ತರುವ ಕ್ರಮವೂ ಸರಳ. ಅರ್ಜಿ ಹಾಕಬೇಕು. ಒಪ್ಪಂದಕ್ಕೆ ಸಹಿ ಮಾಡಿ, ಶುಲ್ಕ ಕಟ್ಟಬೇಕು. ಅವರು ವಿಧಾನವನ್ನು ಬರೆದುಕೊಡುತ್ತಾರೆ, ಕರೆದು ಮಾಡಿ ತೋರಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಇಂಥ ಸರ್ಕಾರಿ ಸಂಸ್ಥೆಗಳ ಪರವಾನಗಿ ಸಾಮಾನ್ಯವಾಗಿ ಒಬ್ಬರಿಗೇ ಮೀಸಲಲ್ಲ. ನನಗೆ ಕೊಟ್ಟ ಕಾಗದವನ್ನೇ ನಾಳೆ ಪಕ್ಕದ ರಸ್ತೆಯವರಿಗೂ ಕೊಡಬಹುದು. ಪೊಳ್ಳಾಚಿಯವರಿಗೂ ಕೊಡಬಹುದು. ಸಾರ್ವಜನಿಕ ದುಡ್ಡಿನ ಸಂಶೋಧನೆ ಹಾಗೇ ಇರಬೇಕು, ಅದು ಸರಿ. ಆದರೆ ಎಲ್ಲರ ಕೈಯಲ್ಲೂ ಅದೇ ಕಾಗದ ಇರುವಾಗ ಒಬ್ಬರ ಚಿಪ್ಸ್ ಆರು ತಿಂಗಳಾದರೂ ಗರಿಗರಿಯಾಗಿರುತ್ತದೆ, ಇನ್ನೊಬ್ಬರದು ಎರಡೇ ತಿಂಗಳಿಗೆ ಮೆತ್ತಗಾಗುತ್ತದೆ. ಏಕೆ?

ನಾವು ಕಾಸರಗೋಡಿನಿಂದ ತಂದದ್ದು ತೆಂಗಿನ ಚಿಪ್ಸ್ ಮಾಡುವ ವಿಧಾನ. ಅದನ್ನೇ ಹೇಳುತ್ತೇನೆ. ಪೂರ್ತಿ ಬಲಿಯುವ ಮೊದಲೇ ಕಾಯಿ ಇಳಿಸಬೇಕು. ಒಡೆದು, ತಿರುಳು ಬಿಡಿಸಿ, ಬೆನ್ನಿನ ಕಂದು ಸಿಪ್ಪೆಯನ್ನು ಹೆರೆದು ತೆಗೆಯಬೇಕು. ತೆಳ್ಳಗೆ ಹೋಳು ಮಾಡಿ, ಸ್ವಲ್ಪ ಹೊತ್ತು ಬಿಸಿನೀರಿಗೆ ಹಾಕಿ ತೆಗೆಯಬೇಕು. ಆಮೇಲೆ ಸಕ್ಕರೆ ಪಾಕದಲ್ಲಿ ನೆನೆಸಬೇಕು. ಪಾಕ ಹೋಳಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಸ್ವಲ್ಪ ಸಿಹಿ ಒಳಗೆ ಹೋಗುತ್ತದೆ. ಸಾಕಷ್ಟು ನೀರು ಬೆಂಕಿಯಿಲ್ಲದೆ ಇಲ್ಲೇ ಹೋಗುವುದರಿಂದ ಒಣಗಿಸುವ ಖರ್ಚು ಕಡಿಮೆ. ಕೊನೆಗೆ ಬಿಸಿಗಾಳಿಯ ಡ್ರೈಯರಿನಲ್ಲಿ ಒಣಗಿಸಿ, ಗಾಳಿ ಬೆಳಕು ಹೋಗದ ಪೌಚಿಗೆ ತುಂಬಬೇಕು. ಎಣ್ಣೆಯಲ್ಲಿ ಕರಿಯುವ ಕೆಲಸವೇ ಇಲ್ಲ. ನೋಡಿ, ಎಷ್ಟು ಅಚ್ಚುಕಟ್ಟಾದ ಯೋಚನೆ! ನನಗೆ ಈ ವಿಧಾನದ ಮೇಲೆ ನಿಜವಾದ ಗೌರವ ಇದೆ.

ಈಗ ಇದನ್ನು ನಮ್ಮೂರಿಗೆ ತನ್ನಿ.

ಮೊದಲನೆಯದು ಕಾಯಿ. ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ರೈತರು ಕಾಯಿಯನ್ನು ಪೂರ್ತಿ ಬಲಿಯಲು ಬಿಡುತ್ತಾರೆ. ಅದು ಅಟ್ಟಕ್ಕೆ ಹೋಗಬೇಕಾದ ಕಾಯಿ. ತಿರುಳು ದಪ್ಪ, ಎಣ್ಣೆ ಜಾಸ್ತಿ. ಕೊಬ್ಬರಿಗೆ ಅದೇ ಶ್ರೇಷ್ಠ. ಚಿಪ್ಸಿಗೆ ಅದೇ ತೊಂದರೆ. ಹೋಳು ಗಡುಸಾಗುತ್ತದೆ, ಪೌಚಿನೊಳಗೆ ಎಣ್ಣೆ ಬಿಡುತ್ತದೆ. ಹಾಗಂತ ರೈತರಿಗೆ "ಮೊದಲೇ ಇಳಿಸಿ" ಅಂದರೆ ಸುಮ್ನೆ ಇಳಿಸುತ್ತಾರಾ? ಮರ ಹತ್ತುವವರು ಸಿಗುವುದೇ ಕಷ್ಟ. ಒಂದು ಗೊನೆಗೆ ಅಂತ ಇನ್ನೊಂದು ಸಲ ಹತ್ತಿಸಿದರೆ ಕೂಲಿ ಯಾರು ಕೊಡುವುದು? ಕೊಬ್ಬರಿ ಬೆಲೆ ಏರುವ ಸೂಚನೆ ಇದ್ದರಂತೂ ಯಾರೂ ಮುಟ್ಟಲು ಬಿಡುವುದಿಲ್ಲ. ನಮ್ಮ ಖರೀದಿ ನೋಡಿಕೊಳ್ಳುವ ಅಣ್ಣ ಊರೂರು ತಿರುಗಿ ಮಾತಾಡಿದರು. ನೀರಾವರಿ ಇರುವ, ನಮಗೆ ಹತ್ತಿರದ ತೋಟಗಳನ್ನು ಆರಿಸಿಕೊಂಡೆವು. ಹತ್ತುವವರ ಕೂಲಿಯನ್ನು ನಾವೇ ಕೊಡುವುದು ಅಂತ ಆಯಿತು. ಕಾಸರಗೋಡಿನ ಕಾಗದದಲ್ಲಿ ಇದೆಲ್ಲ ಬರೆದಿರಲಿಲ್ಲ. ಬರೆಯಲು ಅವರಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು ಡ್ರೈಯರ್. ಪ್ರಯೋಗಾಲಯದ ಡ್ರೈಯರ್ ಒಂದು ಬೀರುವಿನಷ್ಟಿರುತ್ತದೆ. ನಮ್ಮದು ಒಂದು ಕೋಣೆಯಷ್ಟು ದೊಡ್ಡದು, ಫ್ಯಾನಿನ ಗಾಳಿ ಜೋರು. ಜೊತೆಗೆ ನಮ್ಮ ಬಯಲುಸೀಮೆಯ ಬೇಸಿಗೆ ಗಾಳಿ ಕಡಲ ತೀರದ ಗಾಳಿಗಿಂತ ಬಹಳ ಒಣ. ಅವರು ಹೇಳಿದ ಶಾಖವನ್ನೇ ಇಟ್ಟರೆ ಹೋಳಿನ ಮೇಲ್ಮೈ ಬೇಗ ಒಣಗಿ ಬಿಗಿಯುತ್ತಿತ್ತು. ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲ. ಟ್ರೇಯಿಂದ ತೆಗೆದಾಗ ಗರಿಗರಿ. ಪೌಚಿಗೆ ಹಾಕಿ ಸೀಲ್ ಮಾಡಿದ ಮೇಲೆ ಒಳಗಿನ ತೇವ ನಿಧಾನಕ್ಕೆ ಹರಡಿ ಇಡೀ ಹೋಳು ಮೆತ್ತಗಾಗುತ್ತದೆ. ಬರೀ ಮೇಲಿನಿಂದ ನೋಡಿದರೆ ಇದು ಪ್ಯಾಕಿಂಗಿನ ತೊಂದರೆ ಅನ್ನಿಸುತ್ತದೆ. ಎಷ್ಟೋ ಘಟಕಗಳು ಪೌಚ್ ಬದಲಿಸಿ, ಸೀಲಿಂಗ್ ಮಷಿನ್ ಬದಲಿಸಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಆಹಾರ ಒಣಗುವುದು ಹೇಗೆ ಅಂತ ಓದಿದವರೊಬ್ಬರು ಒಳಗಿದ್ದರೆ ಅವರಿಗೆ ಬೇಗ ಅನುಮಾನ ಬರುತ್ತದೆ. ಶುರುವಿನಲ್ಲಿ ಶಾಖ ಇಳಿಸಿ, ಗಾಳಿ ಕಡಿಮೆ ಮಾಡಿ, ಆಮೇಲೆ ಏರಿಸುತ್ತಾ ಹೋದೆವು. ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ ಮಾಡುವ ಹೊತ್ತನ್ನು ಗೊತ್ತು ಮಾಡಿಕೊಂಡೆವು. ಪ್ರತಿ ಬ್ಯಾಚಿನ ತೇವಾಂಶ ಬರೆದಿಟ್ಟೆವು. ಬೇಸಿಗೆಗೆ ಒಂದು ಪಟ್ಟಿ, ಮಳೆಗಾಲಕ್ಕೆ ಒಂದು ಪಟ್ಟಿ ಆಯಿತು. ಆ ಎರಡು ಪಟ್ಟಿಗಳು ಇವತ್ತು ನಮ್ಮ ಘಟಕದ ಆಸ್ತಿ. ಬೇರೆ ಯಾರ ಹತ್ತಿರವೂ ಅವು ಇಲ್ಲ.

ಮೂರನೆಯದು ಬ್ಲೇಡು. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಸ್ಲೈಸರ್ ಆಲೂಗಡ್ಡೆಗೆ ಮಾಡಿದ್ದು. ತೆಂಗಿನ ತಿರುಳು ಬಾಗಿರುತ್ತದೆ, ತುದಿಗಳು ಪುಡಿಪುಡಿ. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಹಿಂದಿನ ರಸ್ತೆಯ ಲೇತ್ ಕೆಲಸದವರು. ತುಂಡನ್ನು ಒತ್ತಿ ಹಿಡಿಯುವ ಒಂದು ಹಿಡಿಕೆ ಮಾಡಿಕೊಟ್ಟರು, ಬ್ಲೇಡಿನ ಕೋನ ಬದಲಿಸಿದರು. ಹೊರಗಿನ ಜ್ಞಾನ ಅಂದರೆ ದೊಡ್ಡ ಸಂಸ್ಥೆಯಿಂದಲೇ ಬರಬೇಕು ಅಂತೇನಿಲ್ಲ.

ಇಷ್ಟನ್ನು ಯಾಕೆ ಬಿಡಿಸಿ ಹೇಳಿದೆ ಅಂದರೆ, ಪರವಾನಗಿಯ ಕಾಗದ ಮತ್ತು ಅಂಗಡಿಯ ಕಪಾಟಿನ ಪೌಚು, ಇವೆರಡರ ನಡುವೆ ಇರುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಅದನ್ನು ಮಾಡಲು ಒಳಗೆ ಒಬ್ಬರು ಬೇಕು. ಸಂಸ್ಥೆಯವರ ಭಾಷೆ ಅವರಿಗೆ ಅರ್ಥವಾಗಬೇಕು. ನಮ್ಮ ಡ್ರೈಯರಿನ ಸ್ವಭಾವವೂ ಗೊತ್ತಿರಬೇಕು. ಹೊರಗಿನ ಸಂಶೋಧನೆಯನ್ನು ನೆಚ್ಚಿಕೊಳ್ಳುವ ಕಂಪನಿಗೆ ಇಂಥವರು ಬೇರೆಯವರಿಗಿಂತ ಹೆಚ್ಚೇ ಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಇದು ನನ್ನೊಬ್ಬಳ ಮಾತಲ್ಲ. 1990ರಲ್ಲಿ ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂಥಾಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಇದನ್ನೇ ವಾದ ಮಾಡಿದರು. ಕಂಪನಿ ತನ್ನೊಳಗೆ ಸಂಶೋಧನೆಗೆ ಹಾಕುವ ದುಡ್ಡು ಎರಡು ಕೆಲಸ ಮಾಡುತ್ತದೆ. ಹೊಸದನ್ನು ಹುಟ್ಟಿಸುವುದು ಒಂದು. ಹೊರಗೆ ಹುಟ್ಟಿದ್ದನ್ನು ಗುರುತಿಸಿ, ಅರಗಿಸಿಕೊಂಡು, ಬಳಸುವ ಶಕ್ತಿ ಬೆಳೆಸುವುದು ಇನ್ನೊಂದು. ಎರಡನೆಯದನ್ನು ಲೆಕ್ಕ ಬರೆಯುವವರು ಮರೆತುಬಿಡುತ್ತಾರೆ. 2003ರಲ್ಲಿ ಹೆನ್ರಿ ಚೆಸ್‌ಬ್ರೊ 'ಓಪನ್ ಇನ್ನೊವೇಶನ್' ಎಂಬ ಮಾತನ್ನು ಚಾಲ್ತಿಗೆ ತಂದ ಮೇಲೆ ಕಂಪನಿಗಳು ಹೊರಗೆ ನೋಡುವುದು ಒಂದು ಫ್ಯಾಷನ್ನೇ ಆಯಿತು. ಆ ಫ್ಯಾಷನ್ನಿನಲ್ಲಿ ಒಳಗಿನವರ ಮಾತು ಸ್ವಲ್ಪ ಹಿಂದೆ ಬಿತ್ತು ಅನ್ನಿಸುತ್ತದೆ ನನಗೆ.

ದೊಡ್ಡ ಉದಾಹರಣೆ ಅಂತ ಎಲ್ಲರೂ ಹೇಳುವುದು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯದು. ಏರಿಯಲ್, ಟೈಡ್ ಮಾಡುವವರು. 2000ದಲ್ಲಿ ಮುಖ್ಯಸ್ಥರಾಗಿ ಬಂದ ಎ.ಜಿ. ಲಾಫ್ಲಿ, ಹೊಸ ಸರಕಿನ ಅರ್ಧದಷ್ಟು ಹೊರಗಿನ ಯೋಚನೆಯಿಂದ ಬರಬೇಕು ಅಂತ ಗುರಿ ಇಟ್ಟರು. ಆಗ ಪ್ರಿಂಗಲ್ಸ್ ಚಿಪ್ಸ್ ಕೂಡ ಅವರದೇ. ಒಂದೊಂದು ಚಿಪ್ಸಿನ ಮೇಲೂ ಚಿತ್ರ, ಪ್ರಶ್ನೆ ಅಚ್ಚು ಹಾಕಬೇಕು ಅನ್ನೋ ಯೋಚನೆ ಬಂತು. ತಿನ್ನುವ ಶಾಯಿ, ಬಿಸಿಬಿಸಿ ಚಿಪ್ಸು, ಜೋರು ವೇಗ. ತಾವೇ ಕಂಡುಹಿಡಿಯಲು ಹೋದರೆ ಬಹಳ ಕಾಲ ಬೇಕು. ಸಮಸ್ಯೆಯನ್ನು ಬರೆದು ಯುರೋಪಿನ ತಮ್ಮ ಜಾಲಕ್ಕೆ ಕಳಿಸಿದರು. ಇಟಲಿಯ ಬೊಲೋನ್ಯಾ ಊರಿನಲ್ಲಿ ಒಂದು ಸಣ್ಣ ಬೇಕರಿ ಸಿಕ್ಕಿತು. ಅದನ್ನು ನಡೆಸುತ್ತಿದ್ದವರು ಒಬ್ಬ ವಿಶ್ವವಿದ್ಯಾಲಯದ ಪ್ರೊಫೆಸರ್. ಕೇಕು, ಬಿಸ್ಕತ್ತಿನ ಮೇಲೆ ಅಚ್ಚು ಹಾಕುವ ವಿಧಾನ ಅವರ ಹತ್ತಿರ ಮೊದಲೇ ಇತ್ತು. ಅದನ್ನೇ ತಂದು ಒಗ್ಗಿಸಿಕೊಂಡು 2004ರಲ್ಲಿ ಸರಕು ಮಾರುಕಟ್ಟೆಗೆ ಬಿಟ್ಟರು.

ಈ ಕತೆ ಹೇಳುವವರು ಬೇಕರಿಯ ಹತ್ತಿರ ನಿಲ್ಲಿಸಿಬಿಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಲೆಕ್ಕ. ಆ ಕಂಪನಿಯೊಳಗೆ ಆಗ ಸುಮಾರು 7,500 ಸಂಶೋಧಕರಿದ್ದರು. ಅವರಲ್ಲಿ ಒಬ್ಬೊಬ್ಬರಿಗೂ ಸಮನಾದ 200 ಜನ ಹೊರಗಿದ್ದಾರೆ, ಒಟ್ಟು 15 ಲಕ್ಷ, ಅಂತ ಕಂಪನಿಯೇ ಅಂದಾಜು ಮಾಡಿತು. ಹೊರಗಿನ 15 ಲಕ್ಷವನ್ನು ನೋಡಿ ಒಳಗಿನ 7,500ನ್ನು ತೆಗೆದುಹಾಕುವುದು ಅವರ ಉದ್ದೇಶ ಆಗಿರಲಿಲ್ಲ. ಎರಡೂ ಸೇರಲಿ ಅನ್ನೋದೇ ಅವರ ಯೋಜನೆ. ಸಮಸ್ಯೆಯನ್ನು ಒಂದು ಪುಟದಲ್ಲಿ ಸರಿಯಾಗಿ ಬರೆಯಲು, ಬೇಕರಿಯ ವಿಧಾನ ತಮ್ಮ ಚಿಪ್ಸಿಗೆ ಹೊಂದುತ್ತದೆ ಅಂತ ಗುರುತಿಸಲು ಒಳಗಿನವರೇ ಬೇಕಿತ್ತು.

ನಮ್ಮ ದೇಶದ ಉದಾಹರಣೆ ನನಗೆ ಇನ್ನೂ ಇಷ್ಟ. ಗುಜರಾತಿನ ಆನಂದ ಎಂಬ ಊರಿನಲ್ಲಿ ಅಮುಲ್ ಬೆಳೆಯುವಾಗ ಅಲ್ಲಿ ಇದ್ದದ್ದು ಎಮ್ಮೆ ಹಾಲು. ಎಮ್ಮೆ ಹಾಲನ್ನು ಪುಡಿ ಮಾಡಲು ಆಗುವುದಿಲ್ಲ ಅಂತ ವಿದೇಶದ ತಜ್ಞರು ಹೇಳುತ್ತಿದ್ದ ಕಾಲ ಅದು. ಅವರ ದೇಶಗಳಲ್ಲಿ ಹಸುವಿನ ಹಾಲೇ ಎಲ್ಲ. ಎಚ್.ಎಂ. ದಲಾಯ ಎಂಬ ಡೇರಿ ಇಂಜಿನಿಯರ್ ಆನಂದದಲ್ಲಿ ಅಮುಲ್ ಮುನ್ನಡೆಸಿದ ವರ್ಗೀಸ್ ಕುರಿಯನ್ ಅವರ ಜೊತೆ ಇದ್ದರು. ಹಾಲನ್ನು ಮಂಜಿನಂತೆ ಸಿಂಪಡಿಸಿ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರದಲ್ಲಿ ಅವರು ಎಮ್ಮೆ ಹಾಲನ್ನು ಪುಡಿ ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿಯ ಹಾಲಿನ ಪುಡಿ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಆಮೇಲೆ ಮಕ್ಕಳ ಆಹಾರದ ಮಾತು ಬಂತು. ಎಮ್ಮೆ ಹಾಲಲ್ಲಿ ಕೊಬ್ಬು ಜಾಸ್ತಿ. ಮಗುವಿನ ಹೊಟ್ಟೆಯಲ್ಲಿ ಆ ಹಾಲು ಗಟ್ಟಿ ಗಡ್ಡೆಯಾಗುತ್ತದೆ, ಜೀರ್ಣ ಕಷ್ಟ. ಇದಕ್ಕೆ ವಿಧಾನ ರೂಪಿಸಿದ್ದು ಮೈಸೂರಿನ ಸಿಎಫ್‌ಟಿಆರ್‌ಐ. 1960ರ ಸುಮಾರಿಗೆ ಅಮುಲ್ ಅದನ್ನು ತೆಗೆದುಕೊಂಡು ಮಕ್ಕಳ ಆಹಾರ ಮಾಡಲು ಶುರುಮಾಡಿತು.

ಮೈಸೂರಿನ ವಿಧಾನ ಆನಂದದಲ್ಲಿ ನಿಂತದ್ದು ಸುಮ್ನೆ ಅಲ್ಲ. ಆ ಹೊತ್ತಿಗೆ ಅಲ್ಲಿ ಎಮ್ಮೆ ಹಾಲಿನ ಮೇಲೆ ಕೈಯಾಡಿಸಿದ, ಯಂತ್ರದ ಒಳಹೊರಗು ತಿಳಿದ ಜನ ಇದ್ದರು. ಮೈಸೂರಿನವರು ಏನು ಹೇಳುತ್ತಿದ್ದಾರೆ ಅನ್ನೋದು ಅವರಿಗೆ ಅರ್ಥವಾಗುತ್ತಿತ್ತು.

ತುಮಕೂರಿನವರಿಗೆ ಎಚ್‌ಎಂಟಿ ಅಂದರೆ ಒಂದು ಬೇರೆಯೇ ಅಭಿಮಾನ. ನಮ್ಮೂರಿನ ವಾಚ್ ಫ್ಯಾಕ್ಟರಿ 2016ರಲ್ಲಿ ನಿಂತಿತು. ಜಾಗ ಈಗ ಇಸ್ರೋ ಕೈಯಲ್ಲಿದೆ. ನಿಂತದ್ದಕ್ಕೆ ಕಾರಣ ನೂರು ಇರಬಹುದು, ಅದು ಇಲ್ಲಿಯ ವಿಷಯ ಅಲ್ಲ. ಎಚ್‌ಎಂಟಿ ವಾಚು ಮಾಡಲು ಶುರುಮಾಡಿದ್ದನ್ನು ನೆನೆಯಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೈಜೋಡಿಸುವ ಹೊತ್ತಿಗೆ ಎಚ್‌ಎಂಟಿ ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿ. 1953ರಲ್ಲಿ ಸ್ವಿಸ್ ಕಂಪನಿಯೊಂದರ ನೆರವಿನಿಂದ ಹುಟ್ಟಿದ್ದು. ಕೂದಲೆಳೆಯ ಅಳತೆಯಲ್ಲಿ ಲೋಹ ಕೊರೆಯುವ ಕೈಗಳು ಆಗಲೇ ಅಲ್ಲಿದ್ದವು. ಜಪಾನಿನವರ ನಕ್ಷೆ ಅಂಥವರ ಕೈಗೆ ಬಂತು. ಬರೀ ನಕ್ಷೆಯಿಂದ ವಾಚು ಓಡುವುದಿಲ್ಲ.

ಇನ್ನೊಂದು ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆಫ್ರಿಕಾದ ಬುರ್ಕಿನಾ ಫಾಸೊ, ನೈಜರ್ ಮುಂತಾದ ದೇಶಗಳಲ್ಲಿ ಮೆದುಳು ಪೊರೆಯ ಜ್ವರ ಸಾವಿರಾರು ಜನರನ್ನು ಕೊಲ್ಲುತ್ತಿತ್ತು. ಒಂದು ಡೋಸಿಗೆ ಅರ್ಧ ಡಾಲರಿಗಿಂತ ಕಡಿಮೆ ಬೆಲೆಯ ಲಸಿಕೆ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆರೋಗ್ಯಕ್ಕಾಗಿ ಕೆಲಸ ಮಾಡುವ ಅಮೆರಿಕದ ಪಾಥ್ ಸಂಸ್ಥೆ ಸೇರಿ 2001ರಲ್ಲಿ ಯೋಜನೆ ಶುರುಮಾಡಿದವು. ಆ ಬೆಲೆಗೆ ಮಾಡಲು ಒಪ್ಪಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. ಲಸಿಕೆಯ ಒಂದು ಭಾಗದ ತಿಳಿವಳಿಕೆ ನೆದರ್ಲೆಂಡ್ಸ್‌ನ ಕಂಪನಿಯಿಂದ ಬಂತು. ಎರಡು ಭಾಗಗಳನ್ನು ಬೆಸೆಯುವ ವಿಧಾನ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಯೋಗಾಲಯದ್ದು. ಪುಣೆಯ ವಿಜ್ಞಾನಿಗಳು ಅಮೆರಿಕಕ್ಕೆ ಹೋಗಿ, ಆ ಪ್ರಯೋಗಾಲಯದಲ್ಲೇ ಕೂತು ಕಲಿತು ಬಂದರು. ಬಂದು ತಮ್ಮ ದೊಡ್ಡ ಟ್ಯಾಂಕುಗಳಿಗೆ ಹೊಂದಿಸಿದರು. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಲಸಿಕೆ ಕೊಡಲು ಶುರುವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಅದು ತಲುಪಿತು. ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಕಾಗದ ತರಿಸಿಕೊಂಡರೆ ಸಾಕು ಅಂತ ಅವರು ಕೂರಲಿಲ್ಲ. ಜನರನ್ನೇ ಕಳಿಸಿದರು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ. ಹೆಸರು ಬೇಡ. ನಮ್ಮ ಜಿಲ್ಲೆಯದೇ ಒಂದು ಘಟಕ. ಒಳ್ಳೆಯ ಸಂಸ್ಥೆಯಿಂದ ಒಳ್ಳೆಯ ವಿಧಾನ ತಂದಿದ್ದರು. ಹೊಳೆಯುವ ಸ್ಟೀಲಿನ ಯಂತ್ರಗಳು. ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದಿದ್ದ ಹುಡುಗಿಗೆ ಸಂಬಳ ಸಾಲಲಿಲ್ಲ, ಅವಳು ಬೆಂಗಳೂರಿಗೆ ಹೋದಳು. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. "ವಿಧಾನ ಬರೆದಿಟ್ಟಿದೆಯಲ್ಲ" ಅಂದರು. ಹೊಸ ಬೆಳೆ ಬಂದಾಗ ಕಚ್ಚಾವಸ್ತುವಿನ ಗುಣ ಸ್ವಲ್ಪ ಬದಲಾಯಿತು. ಎಲ್ಲಿ ಏನು ತಿರುಗಿಸಬೇಕು ಅಂತ ಹೇಳುವವರು ಯಾರೂ ಇರಲಿಲ್ಲ. ಸರಕು ವಾಪಸ್ ಬರಲು ಶುರುವಾಯಿತು. ಈಗ ಆ ಯಂತ್ರಗಳ ಮೇಲೆ ಟಾರ್ಪಾಲಿನ್ ಹೊದಿಸಿದೆ. ಅವಳಿಗೆ ಇನ್ನೊಂದಿಷ್ಟು ಸಾವಿರ ಕೊಟ್ಟಿದ್ದರೆ ಎಂದು ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಹೊರಗಿನ ಜ್ಞಾನ ಅಂದಾಗ ಇನ್ನೊಂದು ದಿಕ್ಕನ್ನೂ ನೋಡಬೇಕು. ಸಂಶೋಧನಾ ಸಂಸ್ಥೆಗಳೂ ತಮ್ಮ ಗೋಡೆಯಾಚೆಯಿಂದ ಪಡೆಯುತ್ತವೆ. ಇದಕ್ಕೆ ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಂದು ರೈತ ಕುಟುಂಬದ ಹಿರಿಯರು ನೆಟ್ಟಿದ್ದ ಮರ. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕೆಜಿ. ತೊಳೆಗೆ ತಾಮ್ರದ ಹಾಗೆ ಕೆಂಪು ಬಣ್ಣ, ರುಚಿ ಬಹಳ ಚೆನ್ನಾಗಿದೆ. ಮನೆಯವರು ಹಣ್ಣನ್ನು ನೆಂಟರಿಷ್ಟರಿಗೆ ಕೊಡುತ್ತಿದ್ದರು. ಐಐಎಚ್‌ಆರ್‌ನವರು, ನಮ್ಮ ಹಿರೇಹಳ್ಳಿಯ ಕೇಂದ್ರದ ವಿಜ್ಞಾನಿಗಳು ಅದರ ಬೆಲೆ ಗುರುತಿಸಿದರು. ಪರೀಕ್ಷೆ ಮಾಡಿದರು. ಕಸಿ ಕಟ್ಟಿ ಸಸಿ ಬೆಳೆಸಿದರು. ಮರ ನೆಟ್ಟ ಹಿರಿಯರ ಹೆಸರನ್ನೇ ತಳಿಗೆ ಇಟ್ಟರು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಕೆಲಸ. 2017ರಲ್ಲಿ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡರು. ಸಸಿ ಮಾರಿ ಬಂದ ದುಡ್ಡಲ್ಲಿ ಮುಕ್ಕಾಲು ಪಾಲು ರೈತರಿಗೆ, ಕಾಲು ಪಾಲು ಸಂಸ್ಥೆಗೆ. ಮರ ರೈತರದು, ವಿಜ್ಞಾನ ಸಂಸ್ಥೆಯದು ಅಂತ ಕಾಗದದ ಮೇಲೆ ಒಪ್ಪಿಕೊಂಡಂತೆ ಆಯಿತು. ಅದೇ ಮರದ ಕಡ್ಡಿಯನ್ನು ಯಾರಾದರೂ ಸುಮ್ನೆ ಒಯ್ದು ನರ್ಸರಿಯಲ್ಲಿ ಕಸಿ ಕಟ್ಟಿದ್ದರೆ ಕೇಳುವವರೇ ಇರಲಿಲ್ಲ. ಹೊರಗಿನಿಂದ ಪಡೆಯುವವರಿಗೆಲ್ಲ, ಅದು ಸಂಸ್ಥೆಯಾಗಲಿ ಕಂಪನಿಯಾಗಲಿ, ನಾನು ಚೇಳೂರನ್ನೇ ತೋರಿಸುತ್ತೇನೆ. ನಮ್ಮ ಲೇತ್ ಅಣ್ಣ ಮಾಡಿಕೊಟ್ಟ ಹಿಡಿಕೆಯ ವಿಷಯದಲ್ಲೂ ನಾನು ಓನರ್ ಹತ್ತಿರ ಇದನ್ನೇ ಹೇಳಿದೆ. ಅದೇ ಹಿಡಿಕೆ ನೋಡಿ ಬೇರೆ ಘಟಕದವರು ಕೇಳಿದರೆ ಅವರ ಅಂಗಡಿಗೇ ಕಳಿಸುತ್ತೇವೆ. ಅದರ ಕೆಲಸವನ್ನು ಬೇರೆಯವರಿಗೆ ಕೊಡುವುದಿಲ್ಲ. ಓನರ್ ಒಪ್ಪಿದರು.

ಈಗ ದುಡ್ಡಿನ ಮಾತು. 2020ರಲ್ಲಿ ಬಂದ, ಕಿರು ಆಹಾರ ಘಟಕಗಳ ಪ್ರಧಾನಮಂತ್ರಿ ಯೋಜನೆ ಪಿಎಂಎಫ್‌ಎಂಇಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ 35% ಸಹಾಯಧನ ಇಟ್ಟರು, ಗರಿಷ್ಠ 10 ಲಕ್ಷ ರೂಪಾಯಿ. ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನುವಲ್ಲಿ ತುಮಕೂರಿಗೆ ತೆಂಗು, ಕೋಲಾರಕ್ಕೆ ಟೊಮೆಟೊ. ನಮ್ಮ ಏರಿಯಾದಲ್ಲಿ ಇದರಿಂದ ಅನುಕೂಲ ಆದವರು ಬಹಳ ಜನ ಇದ್ದಾರೆ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟುಗಳನ್ನು ಕೆಲವರು ನನಗೆ ತೋರಿಸುತ್ತಾರೆ. ಯಂತ್ರ ಇರುತ್ತದೆ, ಶೆಡ್ಡು ಇರುತ್ತದೆ, ಟೆಂಪೊ ಇರುತ್ತದೆ, ಬೋರ್ಡು ಕೂಡ ಇರುತ್ತದೆ. ಪ್ರಯೋಗಕ್ಕೆ ಅಂತ ಕಚ್ಚಾವಸ್ತು ಇರುವುದಿಲ್ಲ. ವಿಧಾನ ಒಗ್ಗಿಸುವವರ ಸಂಬಳ ಇರುವುದಿಲ್ಲ. ನಾನು ಪೆನ್ನು ತೆಗೆದುಕೊಂಡು ಆ ಎರಡು ಸಾಲುಗಳನ್ನು ಸೇರಿಸುತ್ತೇನೆ. "ಇಷ್ಟು ಕಾಯಿ ಹಾಳಾಗುತ್ತೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ, ಸರ್. ಹಾಳಾಗದೆ ಕಲಿಯೋಕೆ ಆಗಲ್ಲ" ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆದರೂ ಹೇಳಬೇಕು.

ಒಳಗಿನವರು ಅಂದರೆ ಪಿಎಚ್‌ಡಿ ಮಾಡಿದವರೇ ಆಗಬೇಕಿಲ್ಲ. ನಮ್ಮಲ್ಲಿ ಸಿಪ್ಪೆ ಹೆರೆಯುವ ವಿಭಾಗ ನೋಡಿಕೊಳ್ಳುವ ಅಕ್ಕ ಎಸ್ಸೆಸ್ಸೆಲ್ಸಿ ಓದಿದವರು. ತೇವಾಂಶದ ಮೀಟರ್ ಹಿಡಿಯಲು ಕಲಿತರು, ಪುಸ್ತಕ ಬರೆಯಲು ಕಲಿತರು. ಯಾವ ತೋಟದ ಕಾಯಿ ಯಾವ ಟ್ರೇಯಲ್ಲಿ ಹೇಗೆ ಬಂತು ಅಂತ ಈಗ ಅವರ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಸಂಸ್ಥೆಯವರ ಜೊತೆ ಮಾತಾಡುವಾಗ ನನ್ನ ಕೈಯಲ್ಲಿರುವುದು ಅದೇ ಪುಸ್ತಕ. ಈ ಗುಣ ಇರುವ ಒಬ್ಬರು ನಿಮ್ಮಲ್ಲೂ ಇರುತ್ತಾರೆ. ಅವರಿಗೆ ಮೀಟರ್ ಕೊಡಿಸಿ, ಸಮಯ ಕೊಡಿ, ಸಂಬಳ ಏರಿಸಿ.

ವಿಜ್ಞಾನಿಗಳನ್ನು ಕೇಳುವ ಬಗೆಯನ್ನೂ ಹೇಳಿಬಿಡುತ್ತೇನೆ. ಬಹಳ ಜನ ಫೋನ್ ಮಾಡಿ "ಸರ್, ನಮ್ಮ ಚಿಪ್ಸ್ ಸರಿ ಬರ್ತಿಲ್ಲ" ಅನ್ನುತ್ತಾರೆ. ಅವರು ಏನು ಹೇಳಬೇಕು ಪಾಪ? ಕಾಯಿ ಎಷ್ಟು ಬಲಿತದ್ದು, ಹೋಳಿನ ದಪ್ಪ ಎಷ್ಟು, ಪಾಕದಲ್ಲಿ ಎಷ್ಟು ಹೊತ್ತು, ಶಾಖ ಎಷ್ಟು, ತೆಗೆದಾಗ ತೇವ ಎಷ್ಟು, ತಿಂಗಳಾದ ಮೇಲೆ ಎಷ್ಟು. ಇಷ್ಟು ಬರೆದುಕೊಂಡು, ಒಳ್ಳೆಯ ಬ್ಯಾಚಿನದೊಂದು ಪೌಚು, ಕೆಟ್ಟ ಬ್ಯಾಚಿನದೊಂದು ಪೌಚು ಹಿಡಿದುಕೊಂಡು ಹೋಗಿ. ಅವರ ಮುಖವೇ ಅರಳುತ್ತದೆ. ತಾವು ರೂಪಿಸಿದ ವಿಧಾನ ಬೇರೆ ಊರಿನಲ್ಲಿ ಹೇಗೆ ನಡೆಯುತ್ತಿದೆ ಅಂತ ತಿಳಿಯುವ ಆಸೆ ಅವರಿಗೂ ಇರುತ್ತದೆ. ನಮ್ಮ ಬೇಸಿಗೆಯ ಪಟ್ಟಿ ಕಳಿಸಿದಾಗ ಒಬ್ಬರು ಭಾನುವಾರ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಆ ಮಾತಿನಲ್ಲಿ ಸಿಕ್ಕ ಒಂದು ಸಲಹೆಯಿಂದ ನಮ್ಮ ಒಣಗಿಸುವ ಹೊತ್ತು ಇನ್ನಷ್ಟು ಕಡಿಮೆಯಾಯಿತು.

ಸದ್ಯ ನನ್ನ ತಲೆಯಲ್ಲಿರುವುದು ಆ ಕಂದು ಸಿಪ್ಪೆ. ಚಿಪ್ಸು ಮತ್ತು ತುರಿಗೆ ಹೆರೆದು ತೆಗೆದದ್ದು ದಿನಾ ಚೀಲಗಟ್ಟಲೆ ಆಗುತ್ತದೆ. ಈಗ ಎಣ್ಣೆ ಗಾಣಕ್ಕೆ ಕಡಿಮೆ ಬೆಲೆಗೆ ಕೊಡುತ್ತಿದ್ದೇವೆ. ಅದರಲ್ಲಿ ನಾರು ಇದೆ, ಎಣ್ಣೆ ತೆಗೆದ ಮೇಲೂ ಒಳ್ಳೆಯ ಹಿಟ್ಟು ಉಳಿಯುತ್ತದೆ. ಬಿಸ್ಕತ್ತಿಗೆ, ರಾಗಿ ಹಿಟ್ಟಿನ ಜೊತೆ ರೊಟ್ಟಿಗೆ ಸೇರಿಸಬಹುದೇನೋ. ಹಸಿಯಾಗಿಟ್ಟರೆ ಒಂದೇ ದಿನಕ್ಕೆ ಕಮಟು ವಾಸನೆ ಬರುತ್ತದೆ, ಅದೇ ದೊಡ್ಡ ತೊಡಕು. ಹೆರೆದ ಎಷ್ಟು ಹೊತ್ತಿನೊಳಗೆ ಬಿಸಿ ಮುಟ್ಟಿಸಬೇಕು, ಎಷ್ಟು ಶಾಖ ಅನ್ನೋದನ್ನು ಅಕ್ಕನ ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಮುಂಗಾರು ಶುರುವಾಗುವ ಮೊದಲು ಎರಡು ಬಗೆಯ ಸ್ಯಾಂಪಲ್ ತೆಗೆದುಕೊಂಡು ಮೈಸೂರಿಗೆ ಹೋಗಬೇಕು. ಅಕ್ಕನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅಕ್ಕನ ಆ ದಿನದ ಕೂಲಿ ಹಿಡಿಯುವುದಿಲ್ಲ ಅಂತ ಓನರ್ ಅಂದಿದ್ದಾರೆ, ಬಸ್ ಚಾರ್ಜೂ ಕಂಪನಿಯದೇ.